ಉಸಿರಿನೊಂದಿಗೆ ಏರಿಳಿಯುವ ನಾಡಿ: ಯಾವುದು ಸಹಜ, ಯಾವುದಕ್ಕೆ ವೈದ್ಯರು ಬೇಕು?

ಪ್ರಶ್ನೆ: ನನಗೆ 27 ವರ್ಷ. ದಿನವೂ ಓಡುವ ಅಭ್ಯಾಸವಿದೆ, ಯಾವ ಕಾಯಿಲೆಯೂ ಇಲ್ಲ. ಕೆಲವು ವಾರಗಳಿಂದ ರಾತ್ರಿ ಮಲಗಿದಾಗ ಮಣಿಕಟ್ಟಿನ ನಾಡಿ ಹಿಡಿದು ನೋಡುತ್ತಿದ್ದೇನೆ. ಉಸಿರು ಎಳೆದುಕೊಂಡಾಗ ಅದು ಬೇಗ ಬೇಗ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಸ್ಮಾರ್ಟ್ ವಾಚ್‌ನಲ್ಲಿ ಅಂಕಿ 56ರಿಂದ 74ರವರೆಗೆ ಏರಿಳಿಯುತ್ತಿರುತ್ತದೆ. ಇಸಿಜಿ ಮಾಡಿಸಿದೆ, ವರದಿಯಲ್ಲಿ ‘ಸೈನಸ್ ಅರಿದ್ಮಿಯಾ’ ಎಂದು ಅಚ್ಚಾಗಿದೆ. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ತಪ್ಪಿದಂತೆಯೂ ಆಗುತ್ತದೆ. ನಿಧಾನ ಉಸಿರಾಟದ ವ್ಯಾಯಾಮ ಮಾಡಬಹುದೇ? ಇನ್ನೊಂದು ಮಾತು: 66 ವರ್ಷದ ನನ್ನ ತಂದೆಯ ನಾಡಿಯನ್ನೂ ನೋಡಿದೆ. ಅದು ನನ್ನದಕ್ಕಿಂತ ಹೆಚ್ಚು ಏರುಪೇರಾಗಿದೆ. ಅವರಿಗೆ ರಕ್ತದೊತ್ತಡವಿದೆ, ಗೊರಕೆಯೂ ಜೋರು. ಇದು ವಂಶದಲ್ಲೇ ಬಂದಿರುವುದೇ?

ಉತ್ತರ: ನಿಮ್ಮ ನಾಡಿಯ ಬಗ್ಗೆ ಬರೆದಿರುವುದನ್ನು ಓದಿ ನನಗೆ ಆತಂಕವಾಗಲಿಲ್ಲ, ತಂದೆಯವರ ನಾಡಿಯ ಬಗ್ಗೆ ಬರೆದಿರುವುದನ್ನು ಓದಿ ಆಯಿತು. ಅವರಿಗೆ ಈ ವಾರವೇ ಇಸಿಜಿ ಮಾಡಿಸಿ. ಏಕೆಂದು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ನಿಮ್ಮ ವಿಷಯ ನೋಡೋಣ. ನಿಮ್ಮ ನಾಡಿ ಏಕೆ ಹೀಗೆ ಏರಿಳಿಯುತ್ತದೆ ಎಂಬುದು ತಿಳಿದರೆ, ಅವರದು ಏಕೆ ಬೇರೆ ಬಗೆಯದೆಂಬುದೂ ತಿಳಿಯುತ್ತದೆ.

ಹೃದಯದ ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಪುಟ್ಟ ಅಂಗಾಂಶವಿದೆ. ಪ್ರತಿ ಬಡಿತವೂ ಹೊರಡುವುದು ಅಲ್ಲಿಂದ. ಯಾವ ನರದ ಅಂಕೆಯೂ ಇಲ್ಲದೆ ಅದರ ಪಾಡಿಗೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಕಸಿಯ ವೇಳೆ ನರಗಳ ಸಂಪರ್ಕ ಕಡಿದುಹೋಗಿರುವುದರಿಂದ, ಸುಮ್ಮನೆ ಕುಳಿತಿದ್ದರೂ ಅವರ ನಾಡಿ 90ರಿಂದ 110ರ ಆಸುಪಾಸಿನಲ್ಲಿರುತ್ತದೆ; ಉಸಿರಿನೊಂದಿಗೆ ಅದು ಏರಿಳಿಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಉಳಿದವರ ನಾಡಿ ವಿಶ್ರಾಂತಿಯಲ್ಲಿ 60–70ಕ್ಕೆ ಇಳಿದಿರುವುದು ವೇಗಸ್ ನರದಿಂದಾಗಿ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ಈ ನರ, ಲಗಾಮು ಹಿಡಿದಂತೆ ಹೃದಯವನ್ನು ಸದಾ ತಡೆದು ನಡೆಸುತ್ತಿರುತ್ತದೆ. ನೀವು ಉಸಿರು ಎಳೆದುಕೊಂಡಾಗ ಆ ಹಿಡಿತ ತುಸು ಸಡಿಲಾಗುತ್ತದೆ, ನಾಡಿ ಏರುತ್ತದೆ. ಉಸಿರು ಬಿಟ್ಟಾಗ ಮತ್ತೆ ಬಿಗಿಯಾಗುತ್ತದೆ, ನಾಡಿ ಇಳಿಯುತ್ತದೆ. ನಿಮ್ಮ ವರದಿಯಲ್ಲಿ ಅಚ್ಚಾಗಿರುವ ‘ಸೈನಸ್ ಅರಿದ್ಮಿಯಾ’ ಎಂದರೆ ಈ ಏರಿಳಿತವೇ.

ಸಡಿಲಾಗುವುದೇಕೆ? ಮೂರು ಕಡೆಯಿಂದ ಒಟ್ಟಿಗೆ ಸೂಚನೆ ಬರುತ್ತದೆ. ಉಸಿರಾಟವನ್ನು ನಡೆಸುವ ಕೇಂದ್ರವೂ ವೇಗಸ್ ನರದ ಮೂಲವೂ ಮಿದುಳಿನ ಬುಡದಲ್ಲಿ ಅಕ್ಕಪಕ್ಕದಲ್ಲೇ ಇವೆ. ‘ಈಗ ಉಸಿರೆಳೆದುಕೋ’ ಎಂಬ ಆಜ್ಞೆ ಹೊರಟ ಕೂಡಲೇ ವೇಗಸ್‌ನ ಕೋಶಗಳು ತಾತ್ಕಾಲಿಕವಾಗಿ ಸುಮ್ಮನಾಗುತ್ತವೆ. ಶ್ವಾಸಕೋಶ ಹಿಗ್ಗಿದಾಗ ಅದರ ಗೋಡೆಗಳಲ್ಲಿರುವ ಗ್ರಾಹಕಗಳೂ ಇದೇ ಸಂದೇಶ ಕಳಿಸುತ್ತವೆ. ಮೂರನೆಯದು ರಕ್ತದ ಹರಿವು: ಎದೆಗೂಡು ಅರಳಿದಾಗ ಒಳಗಿನ ಒತ್ತಡ ಇಳಿದು ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ನುಗ್ಗುತ್ತದೆ, ಎಡಭಾಗದಿಂದ ಹೊರಹೋಗುವ ರಕ್ತ ಮಾತ್ರ ಆ ಕ್ಷಣಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ. ರಕ್ತದೊತ್ತಡದ ಆ ಸಣ್ಣ ಇಳಿತವನ್ನು ಕುತ್ತಿಗೆಯ ಧಮನಿಗಳಲ್ಲೂ ಮಹಾಧಮನಿಯಲ್ಲೂ ಇರುವ ಗ್ರಾಹಕಗಳು ಗುರುತಿಸಿ ನಾಡಿಯನ್ನು ಏರಿಸುವಂತೆ ಹೇಳುತ್ತವೆ. ವೇಗಸ್ ನರ ಬಿಡುಗಡೆ ಮಾಡುವ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಒಂದು ಸೆಕೆಂಡಿನೊಳಗೇ ಕೆಲಸ ಮಾಡಿ, ಅಷ್ಟೇ ಬೇಗ ಅಳಿದುಹೋಗುವುದರಿಂದ ಒಂದೊಂದು ಉಸಿರನ್ನೂ ನಾಡಿ ಹಿಂಬಾಲಿಸಲು ಸಾಧ್ಯವಾಗುತ್ತದೆ. ಹೆದರಿಕೆ, ಶ್ರಮಗಳಲ್ಲಿ ಹೃದಯವನ್ನು ಓಡಿಸುವ ಇನ್ನೊಂದು ನರಜಾಲಕ್ಕೆ ಈ ಚುರುಕಿಲ್ಲ. ಅದರ ಪರಿಣಾಮ ಕಾಣಿಸಲು ಹಲವಾರು ಸೆಕೆಂಡು ಬೇಕು.

ಇದು ಹೊಸ ಸಂಗತಿಯೇನೂ ಅಲ್ಲ. ಕಾರ್ಲ್ ಲುಡ್ವಿಗ್ ಎಂಬ ಜರ್ಮನ್ ಶರೀರವಿಜ್ಞಾನಿ 1847ರಲ್ಲೇ, ಅಂದರೆ ಇಸಿಜಿ ಯಂತ್ರ ಬರುವುದಕ್ಕೆ ಅರ್ಧ ಶತಮಾನ ಮೊದಲೇ, ಉಸಿರಿನೊಂದಿಗೆ ನಾಡಿ ಏರಿಳಿಯುವುದನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ದಾಖಲಿಸಿದ್ದರು. ಶ್ವಾಸಕೋಶದಲ್ಲಿ ಹೊಸ ಗಾಳಿ ತುಂಬಿದ ಹೊತ್ತಿಗೆ ಹೆಚ್ಚು ರಕ್ತ ಹಾಯಿಸಲೆಂದೇ ದೇಹ ಹೀಗೆ ಮಾಡುತ್ತದೆ ಎಂಬ ವಿವರಣೆಯಿದೆ. ಆ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಚೆಯಿಲ್ಲದ ಮಾತೆಂದರೆ, ಮಕ್ಕಳಲ್ಲಿ, ಹರೆಯದವರಲ್ಲಿ, ನಿಮ್ಮಂತೆ ಓಡುವವರಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ, ವಯಸ್ಸಾದಂತೆ ಮಂಕಾಗುತ್ತದೆ. ಮಧುಮೇಹದಿಂದ ನರಗಳಿಗೆ ಹಾನಿಯಾಗಿದೆಯೇ ಎಂದು ನೋಡಲು ವೈದ್ಯರು ಇದನ್ನೇ ಪರೀಕ್ಷೆಯಾಗಿ ಬಳಸುತ್ತಾರೆ. ರೋಗಿಗೆ ನಿಮಿಷಕ್ಕೆ 6 ಬಾರಿ ಆಳವಾಗಿ ಉಸಿರಾಡಲು ಹೇಳಿ, ನಾಡಿಯ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಅಂತರ ನೋಡುತ್ತಾರೆ. ಅಂತರ 15ಕ್ಕಿಂತ ಹೆಚ್ಚಿದ್ದರೆ ಸಮಾಧಾನ, 10ಕ್ಕಿಂತ ಕಡಿಮೆಯಾದರೆ ಅನುಮಾನ. ನೀವು ಕಂಡು ಹೆದರಿದ 18ರ ಅಂತರ ಆ ಪರೀಕ್ಷೆಯಲ್ಲಿ ಬಂದಿದ್ದರೆ ವೈದ್ಯರು ಸಂತೋಷಪಡುತ್ತಿದ್ದರು.

ಈಗ ನಿಮ್ಮ ಇಸಿಜಿ ಕಾಗದವನ್ನು ಕೈಗೆತ್ತಿಕೊಳ್ಳಿ. ವರದಿಯ ಮೇಲಿನ ಆ ಸಾಲನ್ನು ಅಚ್ಚು ಮಾಡಿರುವುದು ಯಂತ್ರ. ಕೆಳಗಿನ ಉದ್ದನೆಯ ಪಟ್ಟಿಯನ್ನು ಒಬ್ಬ ವೈದ್ಯರು ಕಣ್ಣಿಟ್ಟು ನೋಡಿರಬೇಕು. ನೀವೂ ನೋಡಬಹುದು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡಿರುತ್ತದೆ, ಆದ್ದರಿಂದ ಐದು ದೊಡ್ಡ ಚೌಕಗಳೆಂದರೆ ಒಂದು ಸೆಕೆಂಡು. ಚೂಪಾಗಿ ಮೇಲೆದ್ದ ಎರಡು ಶಿಖರಗಳ ನಡುವೆ ನಾಲ್ಕು ಚೌಕವಿದ್ದರೆ ಆ ಹೊತ್ತಿನ ವೇಗ 75, ಐದಿದ್ದರೆ 60. ನಿಮ್ಮ ಪಟ್ಟಿಯಲ್ಲಿ ಈ ಅಂತರ ನಾಲ್ಕರಿಂದ ಐದಕ್ಕೆ, ಐದೂ ಕಾಲಿಗೆ ಮೆಲ್ಲಗೆ ಹಿಗ್ಗಿ, ಮತ್ತೆ ಮೆಲ್ಲಗೆ ಕುಗ್ಗುವುದು ಕಾಣಬೇಕು. ಅದಕ್ಕಿಂತ ಮುಖ್ಯವಾದದ್ದು ಪ್ರತಿ ಚೂಪು ಶಿಖರದ ಮುಂಚೆ ಬರುವ ಚಿಕ್ಕ ದುಂಡನೆಯ ಉಬ್ಬು. ಅದನ್ನು ಪಿ ಅಲೆ ಎನ್ನುತ್ತೇವೆ. ಅದು ಒಂದನ್ನೂ ಬಿಡದೆ ಪ್ರತಿ ಬಡಿತಕ್ಕೂ ಮೊದಲು, ಒಂದೇ ಆಕಾರದಲ್ಲಿ, ಒಂದೇ ದೂರದಲ್ಲಿ ಇದ್ದರೆ ಬಡಿತಗಳೆಲ್ಲ ಸೈನಸ್ ಗಂಟಿನಿಂದಲೇ ಹೊರಟಿವೆ ಎಂದರ್ಥ. ವೇಗ ಮಾತ್ರ ಬದಲಾಗುತ್ತಿದೆ, ಹೊರಡುವ ಜಾಗವೂ ಸಾಗುವ ದಾರಿಯೂ ಬದಲಾಗಿಲ್ಲ.

ಮನೆಯಲ್ಲೇ ಖಚಿತಪಡಿಸಿಕೊಳ್ಳುವ ಒಂದು ವಿಧಾನವಿದೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ, ಇನ್ನೊಂದು ಕೈಯ ಎರಡು ಬೆರಳುಗಳನ್ನಿಟ್ಟು ನಾಡಿ ಹಿಡಿಯಿರಿ. ಐದು ಎಣಿಸುವವರೆಗೆ ಉಸಿರು ಎಳೆದುಕೊಳ್ಳಿ, ಐದು ಎಣಿಸುತ್ತ ಬಿಡಿ. ನಾಡಿ ಉಸಿರಿನ ಜೊತೆಗೇ ಏರಿ ಇಳಿಯುತ್ತದೆಯೇ? ಆಮೇಲೆ ಸಹಜವಾಗಿ ಉಸಿರು ಬಿಟ್ಟು, ಕಷ್ಟವಾಗದಷ್ಟು ಹೊತ್ತು, ಎಂಟು ಹತ್ತು ಸೆಕೆಂಡು ಉಸಿರು ತಡೆಯಿರಿ. ಆಗ ನಾಡಿ ಹೆಚ್ಚೂಕಡಿಮೆ ಸಮವಾಗಿಬಿಟ್ಟರೆ ನೀವು ಕಂಡ ಏರಿಳಿತ ಉಸಿರಿನದೇ. ಉಸಿರು ನಿಂತಾಗಲೂ ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. ಈ ಪರೀಕ್ಷೆ ಇಸಿಜಿಗೆ ಬದಲಿಯಲ್ಲ. ಆದರೂ ನನ್ನ ಬಳಿ ಬರುವವರಿಗೆಲ್ಲ ಕಲಿಸುತ್ತೇನೆ, ಏಕೆಂದರೆ ‘ನಾಡಿ ಏರುಪೇರಾಗಿದೆ’ ಎನ್ನುವುದಕ್ಕಿಂತ ‘ಉಸಿರಿಗೂ ಅದಕ್ಕೂ ಸಂಬಂಧ ಕಾಣುತ್ತಿಲ್ಲ’ ಎನ್ನುವುದು ವೈದ್ಯರಿಗೆ ಹತ್ತು ಪಟ್ಟು ಉಪಯುಕ್ತ ಮಾಹಿತಿ.

ಬಡಿತ ತಪ್ಪಿದಂತಾಗುವುದು ಇದರಿಂದ ಪ್ರತ್ಯೇಕ. ವಾಸ್ತವದಲ್ಲಿ ಅಲ್ಲಿ ತಪ್ಪುವುದು ಏನೂ ಇಲ್ಲ. ಒಂದು ಬಡಿತ ಅವಸರಪಟ್ಟು ಮೊದಲೇ ಬಂದುಬಿಡುತ್ತದೆ. ಹೃದಯ ಪೂರ್ತಿ ತುಂಬುವ ಮೊದಲೇ ಬಂದದ್ದರಿಂದ ಅದು ಬೆರಳಿಗೆ ತಿಳಿಯುವುದಿಲ್ಲ. ಅದರ ನಂತರ ಒಂದು ಬಿಡುವು, ಆ ಬಿಡುವಿನಲ್ಲಿ ಹೃದಯ ಹೆಚ್ಚು ತುಂಬಿಕೊಂಡು ಮುಂದಿನ ಬಡಿತ ಎದೆಗೆ ಗುದ್ದಿದಷ್ಟು ಬಲವಾಗಿರುತ್ತದೆ. ಎಡಮಗ್ಗುಲಾಗಿ ಮಲಗಿದಾಗ ಹೃದಯ ಎದೆಗೋಡೆಗೆ ಹತ್ತಿರ ಬರುವುದರಿಂದ ಇದು ಇನ್ನೂ ಜೋರಾಗಿ ಅರಿವಿಗೆ ಬರುತ್ತದೆ. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ಜ್ವರ ಬಂದಾಗ ಆರೋಗ್ಯವಂತರಲ್ಲೂ ಇಂಥ ಬಡಿತಗಳು ಬರುತ್ತವೆ. ಆಗೊಮ್ಮೆ ಈಗೊಮ್ಮೆ ಒಂಟಿಯಾಗಿ ಬಂದು, ಓಡುವಾಗ ಮಾಯವಾಗುತ್ತಿದ್ದರೆ ನಿಶ್ಚಿಂತೆಯಿಂದಿರಿ. ಸಾಲುಸಾಲಾಗಿ ಬರುತ್ತಿದ್ದರೆ, ನಿಮಿಷಕ್ಕೆ ಹಲವು ಬಾರಿ ಬರುತ್ತಿದ್ದರೆ, ಓಡುವಾಗ ಹೆಚ್ಚಾಗುತ್ತಿದ್ದರೆ ತೋರಿಸಬೇಕು.

ನಿಧಾನ ಉಸಿರಾಟವನ್ನು ಧಾರಾಳವಾಗಿ ಮಾಡಿ. ನಿಮಿಷಕ್ಕೆ ಆರರ ಆಸುಪಾಸಿನ ವೇಗಕ್ಕೆ ಒಂದು ವಿಶೇಷವಿದೆ: ರಕ್ತದೊತ್ತಡವನ್ನು ಸರಿದೂಗಿಸುವ ನರಚಕ್ರವೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ಸುತ್ತು ಹಾಕುತ್ತದೆ. ಎರಡೂ ಒಂದೇ ಲಯಕ್ಕೆ ಬಂದಾಗ ನಾಡಿಯ ಏರಿಳಿತ ಗರಿಷ್ಠವಾಗುತ್ತದೆ. ಹಾಗಾಗಿ ವ್ಯಾಯಾಮದ ಹೊತ್ತಿನಲ್ಲಿ ವಾಚ್‌ನ ಅಂಕಿ ಇನ್ನೂ ಹೆಚ್ಚು ಜಿಗಿಯಬಹುದು, ಅದಕ್ಕೆ ಗಾಬರಿಯಾಗಬೇಡಿ. ಮೂಗಿನಿಂದ ನಾಲ್ಕು ಸೆಕೆಂಡು ಎಳೆದುಕೊಂಡು ಆರು ಸೆಕೆಂಡು ಬಿಡುವುದು ಸಾಕು. ಎದೆ ಬಿರಿಯುವಷ್ಟು ತುಂಬಿಕೊಳ್ಳುವುದು ಬೇಡ, ನಡುವೆ ತಡೆಹಿಡಿಯುವುದೂ ಬೇಡ. ತಲೆ ಹಗುರಾದರೆ ನಿಲ್ಲಿಸಿ. ಇದರಿಂದ ಮನಸ್ಸು ತಿಳಿಯಾಗುತ್ತದೆ, ರಕ್ತದೊತ್ತಡ ಸ್ವಲ್ಪ ಇಳಿಯಲೂಬಹುದು. ಅದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು, ನಿಮ್ಮ ತಂದೆಯವರಂತೂ ಖಂಡಿತ ನಿಲ್ಲಿಸಬಾರದು.

ನಿಮ್ಮನ್ನು ಕಾಡುತ್ತಿರುವುದು ಹೃದಯಕ್ಕಿಂತ ಹೆಚ್ಚಾಗಿ ರಾತ್ರಿಯ ನಾಡಿ ಹಿಡಿಯುವ ಅಭ್ಯಾಸವೆಂದು ನನಗೆ ಅನ್ನಿಸುತ್ತದೆ. ನಾಡಿಯನ್ನೇ ಆಲಿಸುತ್ತ ಮಲಗಿದವರ ಉಸಿರಾಟ ಅವರಿಗೇ ತಿಳಿಯದೆ ಬಿರುಸಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಮಿದುಳಿನ ರಕ್ತನಾಳಗಳು ಸಂಕುಚಿಸಿ ತಲೆ ತಿರುಗಿದಂತಾಗುತ್ತದೆ. ರಕ್ತದಲ್ಲಿ ಕೆಲಸಕ್ಕೆ ಒದಗುವ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳ ತುದಿ, ತುಟಿಗಳು ಜುಮುಗುಟ್ಟುತ್ತವೆ. ಎದೆ ಬಿಗಿಯುತ್ತದೆ, ನಾಡಿ ಓಡುತ್ತದೆ. ಅದನ್ನು ಕಂಡು ಹೆದರಿಕೆ, ಹೆದರಿಕೆಯಿಂದ ಮತ್ತೆ ಬಿರುಸಿನ ಉಸಿರು. ವಾಚನ್ನು ರಾತ್ರಿ ತೆಗೆದಿಡಿ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಉಬ್ಬಸಕ್ಕೋ ಹೃದಯಾಘಾತಕ್ಕೋ ಏದುಸಿರು ಬಂದಿದ್ದರೆ ಅದು ಆಮ್ಲಜನಕವನ್ನೂ ಕಸಿದುಕೊಂಡು ಪ್ರಾಣಕ್ಕೇ ಅಪಾಯ ತರುತ್ತದೆ.

ಇದನ್ನು ಬರೆಯುವಾಗಲೇ ಇದರ ಎದುರು ಮಾತನ್ನೂ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಎದೆ ಬಡಿದುಕೊಳ್ಳುತ್ತದೆ ಎಂದು ಬಂದ ಯುವಜನರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಇಸಿಜಿ ಕೂಡ ನೋಡದೆ ‘ಬರೀ ಟೆನ್ಷನ್’ ಎಂದು ಕಳಿಸಿಬಿಡುವುದು ಅನ್ಯಾಯ. ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎಂಬ ನಿಜವಾದ ಲಯದೋಷ ವರ್ಷಗಟ್ಟಲೆ ಮನೋರೋಗದ ಹೆಸರಿನಲ್ಲಿ ಉಳಿದುಬಿಡುವುದುಂಟು. ಅದರ ಗುರುತು ಸುಲಭ: ಸ್ವಿಚ್ ಒತ್ತಿದಂತೆ ಒಮ್ಮೆಲೇ ಶುರುವಾಗಿ, 150ನ್ನೂ ಮೀರಿ ಒಂದೇ ಸಮನೆ ಓಡಿ, ಹಾಗೆಯೇ ತಟ್ಟನೆ ನಿಲ್ಲುತ್ತದೆ. ಹೆದರಿಕೆಯ ನಾಡಿ ಹಾಗಲ್ಲ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಸ್ವಾರಸ್ಯವೆಂದರೆ ಈ ದೋಷವನ್ನು ನಿಲ್ಲಿಸಲೂ ಉಸಿರೇ ನೆರವಾಗುತ್ತದೆ. ವೈದ್ಯರ ಎದುರಿನಲ್ಲಿ ರೋಗಿ ಬಾಯಿ ಬಿಗಿದು 15 ಸೆಕೆಂಡು ಮುಕ್ಕುತ್ತಾನೆ, ಒಡನೆಯೇ ಅವನನ್ನು ಮಲಗಿಸಿ ಕಾಲುಗಳನ್ನು 45 ಡಿಗ್ರಿ ಎತ್ತಿ ಹಿಡಿಯುತ್ತಾರೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಈ ಕ್ರಮದಿಂದ ನೂರರಲ್ಲಿ 43 ಮಂದಿಯ ನಾಡಿ ಸಹಜ ಲಯಕ್ಕೆ ಮರಳಿತು. ಕಾಲೆತ್ತದೆ ಕುಳಿತಲ್ಲೇ ಮುಕ್ಕಿದವರಲ್ಲಿ 17 ಮಂದಿಗೆ ಮಾತ್ರ. ಮೊದಲ ಸಲ ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಯಾವ ಲಯದೋಷವೆಂದು ಗೊತ್ತಾದ ಮೇಲೆ ವೈದ್ಯರಿಂದಲೇ ಕಲಿಯಿರಿ.

ಹಾಗಾದರೆ ನೀವು ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ? ಎದೆಬಡಿತದ ಜೊತೆ ಎದೆನೋವು, ಉಸಿರು ಕಟ್ಟುವಿಕೆ, ಕಣ್ಣು ಕತ್ತಲಿಟ್ಟು ಬೀಳುವುದು ಇವುಗಳಲ್ಲಿ ಒಂದಾದರೂ ಇದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿದರೆ ಎದ್ದ ಮೇಲೆ ಎಷ್ಟೇ ಹಾಯೆನಿಸಿದರೂ ಅದೇ ದಿನ ಪರೀಕ್ಷೆಯಾಗಲೇಬೇಕು, ಆವರೆಗೆ ಓಟ ಬಂದ್. ಕುಟುಂಬದಲ್ಲಿ ಯಾರಾದರೂ 40 ದಾಟುವ ಮೊದಲು ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದರೆ, ಲಕ್ಷಣಗಳು ಸಣ್ಣವಾದರೂ ಹೃದಯತಜ್ಞರಿಗೆ ಆ ಮಾತನ್ನು ಮೊದಲು ಹೇಳಿ. ವಿಶ್ರಾಂತಿಯಲ್ಲೂ ನಾಡಿ 120ರ ಮೇಲೆಯೇ ನಿಂತುಬಿಟ್ಟರೆ, ಅಥವಾ 40ಕ್ಕಿಂತ ಕೆಳಗಿಳಿದು ತಲೆಸುತ್ತು, ಸುಸ್ತು ಇದ್ದರೆ ಕಾಯುವುದು ಬೇಡ. ಓಟಗಾರರ ನಾಡಿ ನಿದ್ದೆಯಲ್ಲಿ 40ರ ಆಸುಪಾಸಿಗೆ ಇಳಿಯುವುದು ಬೇರೆ ಮಾತು. ಎದೆಬಡಿತ ಆಗಾಗ ಮರುಕಳಿಸುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ಪೊಟ್ಯಾಸಿಯಂ ನೋಡಬೇಕಾಗುತ್ತದೆ. 24 ಗಂಟೆ ಮೈಮೇಲೆ ಧರಿಸಿ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಬೇಕಾಗಬಹುದು. ಉಬ್ಬಸದ ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ನುಂಗುವ ಮಾತ್ರೆಗಳೂ ನಾಡಿಯನ್ನು ಓಡಿಸುತ್ತವೆ. ಅವುಗಳ ಹೆಸರನ್ನೂ ಬರೆದುಕೊಂಡು ಹೋಗಿ.

ಇನ್ನು ನಿಮ್ಮ ತಂದೆಯವರು. ಉಸಿರಿನ ಏರಿಳಿತ ವಯಸ್ಸಿನೊಂದಿಗೆ ಮಂಕಾಗುತ್ತದೆ ಎಂದೆ. ಅಂದಮೇಲೆ 66ರಲ್ಲಿ ಅದು ನಿಮ್ಮದಕ್ಕಿಂತ ಹೆಚ್ಚು ಎದ್ದು ಕಾಣುವುದು ಸಹಜವಲ್ಲ. ಅವಸರದ ಒಂಟಿ ಬಡಿತಗಳೇ ಹೆಚ್ಚಾಗಿರಬಹುದು. ನನ್ನ ಅನುಮಾನ ಮಾತ್ರ ಏಟ್ರಿಯಲ್ ಫಿಬ್ರಿಲೇಷನ್ ಕಡೆಗಿದೆ. ಅದರಲ್ಲಿ ಹೃತ್ಕರ್ಣಗಳು ಒಟ್ಟಾಗಿ ಸಂಕುಚಿಸದೆ ಸುಮ್ಮನೆ ಅದುರುತ್ತಿರುತ್ತವೆ, ನಾಡಿಗೆ ಯಾವ ಲಯವೂ ಉಳಿಯುವುದಿಲ್ಲ. ಇಸಿಜಿಯಲ್ಲಿ ನಿಮಗೆ ಹುಡುಕಲು ಹೇಳಿದೆನಲ್ಲ, ಆ ಪಿ ಅಲೆ ಈ ದೋಷವಿರುವವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಶಿಖರಗಳ ಅಂತರದಲ್ಲಿ ಒಂದಕ್ಕೊಂದು ತಾಳೆಯಿರುವುದಿಲ್ಲ. ಎಷ್ಟೋ ಮಂದಿಗೆ ಇದರಿಂದ ಯಾವ ತೊಂದರೆಯೂ ಅನಿಸುವುದಿಲ್ಲ, ಅದೇ ಇದರ ಅಪಾಯ. ಅದುರುವ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಈ ಲಯದೋಷ ಇರುವವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಿಂದ ಆ ಅಪಾಯವನ್ನು ಬಹುಪಾಲು ತಪ್ಪಿಸಬಹುದು. ಅವರ ವಯಸ್ಸು, ರಕ್ತದೊತ್ತಡ ಎರಡನ್ನೂ ಲೆಕ್ಕಕ್ಕೆ ಹಿಡಿದು ವೈದ್ಯರು ಅದನ್ನು ತೀರ್ಮಾನಿಸುತ್ತಾರೆ. ಆಸ್ಪಿರಿನ್ ಆ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಇದೆಯೆಂದು ಕೊಟ್ಟು ಸಮಾಧಾನಪಟ್ಟುಕೊಳ್ಳಬೇಡಿ.

ಅವರ ಗೊರಕೆಯನ್ನು ನೀವು ಬರೆದದ್ದು ಒಳ್ಳೆಯದಾಯಿತು. ಉಸಿರು ಹೃದಯದ ಲಯವನ್ನು ನಿಜವಾಗಿ ಕೆಡಿಸುವುದು ಅಲ್ಲಿ. ಒಂದು ರಾತ್ರಿ ಅವರು ಮಲಗಿರುವಾಗ ಪಕ್ಕದಲ್ಲಿ ಕುಳಿತು ಗಮನಿಸಿ. ಗೊರಕೆ ಇದ್ದಕ್ಕಿದ್ದಂತೆ ನಿಂತು, ಹತ್ತಿಪ್ಪತ್ತು ಸೆಕೆಂಡು ಸದ್ದೇ ಇಲ್ಲದೆ, ಎದೆ ಹೊಟ್ಟೆ ಮಾತ್ರ ಒದ್ದಾಡಿ, ಆಮೇಲೆ ಉಸಿರಿಗಾಗಿ ಬಿಕ್ಕಿದಂತೆ ಗೊರಕೆ ಮರಳುತ್ತದೆಯೇ? ಹಾಗಿದ್ದರೆ ಅದು ಸ್ಲೀಪ್ ಅಪ್ನಿಯಾ. ಗಂಟಲ ದಾರಿ ಮುಚ್ಚಿದಾಗ ಎದೆ ಬಲವಾಗಿ ಎಳೆಯುವುದರಿಂದ ಹೃತ್ಕರ್ಣದ ಗೋಡೆಗಳು ಜಗ್ಗುತ್ತವೆ, ಆಮ್ಲಜನಕ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ. ಎಚ್ಚರದಂಚಿಗೆ ಬಂದು ಉಸಿರೆಳೆದಾಗ ನಾಡಿಯೂ ರಕ್ತದೊತ್ತಡವೂ ಒಮ್ಮೆಲೇ ಚಿಮ್ಮುತ್ತವೆ. ತೀವ್ರವಾಗಿದ್ದರೆ ಇದು ಗಂಟೆಗೆ 30ಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ರಕ್ತದೊತ್ತಡ ಹತೋಟಿಗೆ ಬಾರದಿರುವುದಕ್ಕೂ ಇದು ಕಾರಣವಾಗುತ್ತದೆ. ಇದಕ್ಕೆ ಚಿಕಿತ್ಸೆ ಕೊಡದೆ ಲಯ ಮಾತ್ರ ಸರಿಪಡಿಸಿದರೆ ಅದು ಮತ್ತೆ ಕೆಡುವ ಸಂಭವ ಹೆಚ್ಚು, ಆದ್ದರಿಂದ ಗೊರಕೆಯ ಮಾತನ್ನು ಹೃದಯತಜ್ಞರ ಮುಂದೆ ಸಂಕೋಚವಿಲ್ಲದೆ ಹೇಳಿ. ನಿಲ್ಲುವ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಇಸಿಜಿ ಆಗುವವರೆಗೆ ದಿನಕ್ಕೊಮ್ಮೆ ಅವರ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ; 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಇಂಥ ನಾಡಿಯಲ್ಲಿ ಲೆಕ್ಕ ತಪ್ಪುತ್ತದೆ. ಮನೆಯ ಬಿಪಿ ಯಂತ್ರವೂ ಪ್ರತಿ ಸಲ ಬೇರೆ ಅಂಕಿ ತೋರಿಸಬಹುದು, ಮೂರು ಬಾರಿ ನೋಡಿ ಸರಾಸರಿ ತೆಗೆಯಿರಿ. ರಕ್ತದೊತ್ತಡದ ಮಾತ್ರೆಗಳು ಎಂದಿನಂತೆ ನಡೆಯಲಿ. ಅಷ್ಟರೊಳಗೆ ಎಂದಾದರೂ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಅದು ಐದೇ ನಿಮಿಷದಲ್ಲಿ ಸರಿಹೋದರೂ, ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅವರು ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡು ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಲ್ಲಿನ ವೈದ್ಯರು ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ.